ಹಾಲಿನ ಪುಡಿ ಡಬ್ಬದ ಮೇಲಿನ ಮುಖ

ಜೂನ್ 3, ಮಂಗಳವಾರ. ಬೆಳಿಗ್ಗೆ 6.40

ಎರಡು ಮೊಟ್ಟೆ, ನಾಲ್ಕು ಚಮಚ ಹಾಲಿನ ಪುಡಿ, ಚಿಟಿಕೆ ಸೋಡಾ. ಹತ್ತು ನಿಮಿಷ ಮುಚ್ಚಿಟ್ಟೆ. ಸಣ್ಣ ಉರಿ. ಮಗಳು ಮೂರು ತಿಂದು ನಾಲ್ಕನೆಯದಕ್ಕೆ ತಟ್ಟೆ ಚಾಚಿದಳು. ಗೋಧಿ, ಮೈದಾ ಅವಳ ಹೊಟ್ಟೆಗೆ ಆಗಿಬರುವುದಿಲ್ಲ. ಹಿಟ್ಟಿಲ್ಲದ ಈ ಪ್ಯಾನ್‌ಕೇಕ್ ಕೈಗೆ ಹತ್ತಲು ನನಗೆ ಎಂಟು ತಿಂಗಳು ಹಿಡಿಯಿತು. ಅಷ್ಟು ದಿನ ಕೆಟ್ಟದ್ದನ್ನೆಲ್ಲ ತಿಂದು "ಚೆನ್ನಾಗಿದೆ ಅಮ್ಮಾ" ಅಂದವಳೂ ಅವಳೇ.

ಪುಡಿ ಮುಗಿಯಿತು. ಸಂಜೆ ಲಾಂಡ್ರಿ ಕೆಲಸ ಮುಗಿಸಿ ಬರುವಾಗ ತರಬೇಕು.

ಅದೇ ದಿನ, ಸಂಜೆ

ಹೊಸ ಡಬ್ಬ ತಂದೆ. ಹಿಂದೆ ತಿರುಗಿಸಿದರೆ... ನನ್ನ ಓರಗಿತ್ತಿ! ಮಹಡಿ ಮೇಲಿರುವ ಮೈದುನನ ಹೆಂಡತಿ, ಹಲ್ಲು ಕಿರಿದುಕೊಂಡು, ಕೈಯಲ್ಲಿ ತಟ್ಟೆ. ತಟ್ಟೆ ನನ್ನದು — ಅಂಚು ಒಡೆದ ನೀಲಿಯದು. ಕೆಳಗೆ ಅಚ್ಚು: "ನಮ್ಮ ಕಂಪನಿಯ ಅಡುಗೆ ಸ್ಪರ್ಧೆಯ ಫೈನಲ್‌ಗೆ ಬಂದ ಗೃಹಿಣಿ. ಹಿಟ್ಟಿಲ್ಲದ ಪ್ಯಾನ್‌ಕೇಕ್, ಇವರದೇ ಶೋಧ."

ಹತ್ತಿ ಹೋಗಿ ಕೇಳಿದೆ.

"ಅಯ್ಯೋ ಅಕ್ಕಾ, ನಿಮ್ಮ ಅಡುಗೆ ಬುಕ್ಕಿಂದ ಒಂದು ಫೋಟೊ ಹೊಡ್ಕೊಂಡೆ ಅಷ್ಟೇ. ಮನೆಯೋರೇ ತಾನೆ, ಯಾರ ಹೆಸರಲ್ಲಿ ಹೋದ್ರೇನು?"

ಯಾರ ಹೆಸರಲ್ಲಿ ಹೋದ್ರೇನಂತೆ! ಮೈಯೆಲ್ಲ ಉರಿದುಹೋಯಿತು. ಇವರು ಪೇಪರಿನಿಂದ ತಲೆ ಎತ್ತದೆ "ಹೋಗ್ಲಿ ಬಿಡೇ" ಅಂದರು.

ಬಿಡುವುದಿಲ್ಲ.

ಜೂನ್ 4

ಬೆಳಿಗ್ಗೆ ಎದ್ದರೆ ಅವಳ ಮುಖ. ಡಬ್ಬ ಗೋಡೆಗೆ ತಿರುಗಿಸಿಟ್ಟೆ.

ಜೂನ್ 12

ಮೂರು ದಿನದಿಂದ ಮಹಡಿಯಿಂದ ಸೀದ ಹಾಲಿನ ವಾಸನೆ. ಆಹಾ! 22ಕ್ಕೆ ಫೈನಲ್, ಕಂಪನಿಯವರು ಗೊತ್ತುಮಾಡಿದ ಹಾಲ್‌ನಲ್ಲಿ ಎಲ್ಲರೆದುರು ಮಾಡಿ ತೋರಿಸಬೇಕಂತೆ. ಮಾಡಲಿ, ಮಾಡಲಿ.

ಯಾಕೆ ಸೀಯುತ್ತದೆ ಅಂತ ನನಗೆ ಗೊತ್ತು. ನನ್ನ ಚಮಚ ಹಳೆಯ ಚಿಕ್ಕ ಡಬ್ಬದಲ್ಲಿ ಬಂದದ್ದು. ಈಗಿನ ಡಬ್ಬದ ಚಮಚ ಅದರ ಎರಡರಷ್ಟು. ಡಬ್ಬ ಬದಲಿಸಿದರೂ ನಾನು ಚಮಚ ಬದಲಿಸಿಲ್ಲ. ಪುಸ್ತಕದಲ್ಲಿ ಅದನ್ನು ಬರೆದೂ ಇಲ್ಲ. ನನಗಾಗಿ ಬರೆದುಕೊಂಡದ್ದು, ಕಳ್ಳಿಯರಿಗಲ್ಲ.

ಜೂನ್ 15, ಭಾನುವಾರ

ಇಳಿದು ಬಂದಳು ಮಹಾರಾಣಿ. "ಅಕ್ಕಾ, ಮೇಲೆ ಕಪ್ಪಗಾಗುತ್ತೆ, ಒಳಗೆ ಹಸಿ. ಯಾಕಿರ್ಬಹುದು?"

"ನಿನ್ನದೇ ಶೋಧ ತಾನೆ. ನನ್ನನ್ನೇನು ಕೇಳ್ತೀಯ?"

ಮುಖ ಇಷ್ಟು ಚಿಕ್ಕದಾಯಿತು. ಎಂಥ ಸುಖ!

ಮಧ್ಯಾಹ್ನ ಮಗಳು ಬಂದು, "ಅಮ್ಮಾ, ಚಿಕ್ಕಮ್ಮ ಅಳ್ತಾ ಇದ್ರು. ನಮ್ಮ ಚಮಚ ಕೊಟ್ಟು ಬರ್ಲಾ?" ಅಂದಳು.

"ಮುಟ್ಟಿದ್ರೆ ನೋಡು!"

ಬೆಚ್ಚಿದಳು. ಚಮಚ ಹೊಲಿಗೆ ಡಬ್ಬ ಸೇರಿತು.

ಜೂನ್ 22, ಸಂಜೆ

ಸೀರೆಯನ್ನೂ ಬದಲಿಸದೆ ಬರೆಯಲು ಕೂತಿದ್ದೇನೆ. ಖುಷಿಗೆ.

ನಾವೆಲ್ಲ ಮುಂದಿನ ಸಾಲಿನಲ್ಲಿದ್ದೆವು. ಅವಳ ಮೊದಲನೆಯದು ಸೀಯಲೇ ಇಲ್ಲ! ಹೇಗೋ ಅಂದಾಜು ಹಾಕಿ ಪುಡಿ ಕಡಿಮೆ ಮಾಡಿದ್ದಾಳೆ. ಆದರೆ ಉಬ್ಬಲಿಲ್ಲ. ಸಟ್ಟುಗ ಹಿಡಿದು ಪಿಳಿಪಿಳಿ ನೋಡುತ್ತ ನಿಂತಳು. ಇನ್ನೊಂದು ಮಾಡಲು ಹತ್ತು ನಿಮಿಷವಿತ್ತು. ಗೆದ್ದುಬಿಟ್ಟರೆ?

ಮಗಳ ಕಿವಿಯಲ್ಲಿ ಹೇಳಿದೆ. "ಓಡಿಹೋಗಿ ಚಿಕ್ಕಮ್ಮನಿಗೆ ಹೇಳು, ಉರಿ ಪೂರ್ತಿ ಜೋರು ಮಾಡಿದ್ರೆ ಉಬ್ಬುತ್ತಂತೆ."

ಅವಳ ಮುಖ ಅರಳಿತು. "ಕೋಪ ಹೋಯ್ತಾ ಅಮ್ಮಾ?" ಕೆನ್ನೆಗೆ ಮುತ್ತು ಕೊಟ್ಟು ಓಡಿದಳು.

ಹಾಲಿನ ಪುಡಿ ಜೋರು ಉರಿ ತಡೆಯುತ್ತದೆಯೇ! ಹಾಲ್ ತುಂಬ ಹೊಗೆ. ತೀರ್ಪುಗಾರರು ಮೂಗಿಗೆ ಕರವಸ್ತ್ರ ಹಿಡಿದರು. ತವಾ ಕರ್ರಗೆ. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು.

ಓರಗಿತ್ತಿ ನನ್ನ ಕಡೆ ನೋಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ನನ್ನ ಮಗಳನ್ನು ನೋಡಿದಳು. "ನಿನ್ನ ಮಾತು ನಂಬಿದ್ನಲ್ಲೇ..." ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ಆಗಲೂ ಹಿಗ್ಗಿದೆ. ಸುಳ್ಳೇಕೆ ಬರೆಯಲಿ. ಮನೆಗೆ ಬಂದು ಡಬ್ಬವನ್ನು ಈಚೆ ತಿರುಗಿಸಿಟ್ಟೆ. ಇನ್ನು ಆ ಮುಖ ಎಷ್ಟು ಬೇಕಾದರೂ ನೋಡಬಲ್ಲೆ.

ಜೂನ್ 23

ಮಗಳು ತಿನ್ನಲಿಲ್ಲ. ಹಸಿವಿಲ್ಲವಂತೆ.

ಜೂನ್ 25

ಇವತ್ತೂ ಇಲ್ಲ. ಕೈ ಮಡಿಲಲ್ಲಿಟ್ಟುಕೊಂಡು ತಟ್ಟೆ ನೋಡುತ್ತ ಕೂತಳು. ಖಾಲಿ ಹೊಟ್ಟೆಯಲ್ಲೇ ಸ್ಕೂಲಿಗೆ ಹೋದಳು. ಹಟಮಾರಿ. ಯಾರ ಹಾಗೋ.

ಲಾಂಡ್ರಿಯಲ್ಲಿ ಎರಡು ಸಲ ಗಿರಾಕಿಗಳ ಬಟ್ಟೆಗೆ ತಪ್ಪು ಟೋಕನ್ ಬರೆದೆ.

ಜೂನ್ 27. ಬೆಳಿಗ್ಗೆ 6.55

ಇಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ. ಹೊಂಬಣ್ಣ, ಹತ್ತಿಯಂತೆ ಮೆತ್ತಗೆ. ನೀಲಿ ತಟ್ಟೆಯಲ್ಲಿ ನಾಲ್ಕು ಇಟ್ಟುಕೊಟ್ಟೆ. ಮುಟ್ಟಲಿಲ್ಲ.

"ಚಿಕ್ಕಮ್ಮ ನನ್ನನ್ನ ಸುಳ್ಳುಬುರುಕಿ ಅನ್ಕೊಂಡಿದ್ದಾರೆ," ಅಂದಳು. ಆಮೇಲೆ, "ಅಮ್ಮಾ, ಸೀದುಹೋಗುತ್ತೆ ಅಂತ ನಿನಗೆ ಗೊತ್ತಿತ್ತಾ?"

ಬ್ಯಾಗ್ ಹೆಗಲಿಗೇರಿಸಿ ಬಾಗಿಲಲ್ಲೇ ನಿಂತಿದ್ದಾಳೆ, ಉತ್ತರಕ್ಕೆ. ನಾನು ಏನೋ ತುರ್ತಿನ ಲೆಕ್ಕ ಬರೆಯುವವಳ ಹಾಗೆ ಬಗ್ಗಿ ಇದನ್ನು ಬರೆಯುತ್ತಿದ್ದೇನೆ. ತಲೆ ಎತ್ತಿದರೆ ಹೇಳಬೇಕಾಗುತ್ತದೆ. ಎಂಟು ತಿಂಗಳು ನಾನು ಕೊಟ್ಟದ್ದನ್ನೆಲ್ಲ ನಂಬಿ ಬಾಯಿಗಿಟ್ಟವಳು...

ಮತ್ತೆ ಕರೆದಳು. ಇಲ್ಲ ಅಂದುಬಿಟ್ಟರೆ ನಂಬುತ್ತಾಳೆ. ಈಗಲೂ ನಂಬುತ್ತಾಳೆ, ಅದೇ ನನಗೆ ಹೆದರಿಕೆ.