ಹನ್ನೊಂದು ಹೆಂಚು ಒಳಗೆ

ಹೊನ್ನವಳ್ಳಿ
20-12-1981, ಭಾನುವಾರ

ನನ್ನ ಪ್ರೀತಿಯ ತಂಗಿ ಶಿವರುದ್ರಮ್ಮನಿಗೆ,

ಈಗ ಮಧ್ಯಾಹ್ನ ಮೂರೂವರೆ. ಬೆಳಿಗ್ಗೆ ಎದ್ದು ಹಕ್ಕಿಗಳ ಕರಟ ತೊಳೆದು ನೀರು ತುಂಬಿದೆ. ಅವರೆ ಗಿಡಕ್ಕೆ ಬೂದಿ ಎರಚಿದೆ. ಹತ್ತು ಗಂಟೆಗೆ ಗೋಡೆಯಾಚೆಯ ವಾರಗಿತ್ತಿ ದ್ರಾಕ್ಷಾಯಣಮ್ಮ ಬಂದಳು, ಹತ್ತೂವರೆಗೆ ಹೋದಳು. ಆಮೇಲೆ ಮುದ್ದೆ ಮಾಡಿಕೊಂಡು ಉಂಡೆ. ಡೈರಿಯಲ್ಲಿ ಇಷ್ಟೇ ಬರೆದಿದ್ದೇನೆ. ಉಳಿದದ್ದನ್ನು ನಿನಗೆ ಬರೆಯೋಣವೆಂದು ಕೂತಿದ್ದೇನೆ.

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರ ಬರೆಯದೆ ಇದ್ದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಮೈ ಚೆನ್ನಾಗಿದೆ. ಮನಸ್ಸು ಒಂದು ಕೆಲಸದ ಮೇಲೆ ನೆಟ್ಟಿತ್ತು, ಅದು ಮುಗಿಯುವ ತನಕ ಪೆನ್ನು ಹಿಡಿಯಲು ಆಗಲಿಲ್ಲ. ಭದ್ರಾವತಿಯಲ್ಲಿ ನಿಮಗೆ ಹಿತ್ತಲಿರುವ ಕ್ವಾರ್ಟರ್ಸ್ ಸಿಕ್ಕಿತೆಂದು ಓದಿ ಸಂತೋಷವಾಯಿತು. ಚಳಿಗಾಲಕ್ಕೆ ಏನು ಹಾಕಲಿ, ಹಕ್ಕಿ ಬರುವಂತೆ ಏನು ಮಾಡಲಿ ಎಂದು ಕೇಳಿದ್ದೀಯ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಅವರೆಗೆ ಈ ವರ್ಷ ಹೊತ್ತು ಮೀರಿತು, ಬಿಡು. ಕೊತ್ತಂಬರಿ, ಮೆಂತ್ಯ ಹಾಕು. ಕೊತ್ತಂಬರಿ ಬೀಜವನ್ನು ಇಡಿಯಾಗಿ ಹಾಕಬೇಡ, ನೆಲದ ಮೇಲೆ ಹರಡಿ ಮೆಟ್ಟಿನಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಹಾಕು. ಸಂಜೆ ನೀರು ಹಾಕಬೇಡ, ಚಳಿಗೆ ಬೇರು ಕೊಳೆಯುತ್ತದೆ. ಬಿಸಿಲು ಬಂದ ಮೇಲೆ ಹಾಕು. ತೆಂಗಿನ ಸಿಪ್ಪೆ ಸಿಕ್ಕಿದರೆ ಬದನೆ ಗಿಡದ ಸುತ್ತ ಬೋರಲು ಹಾಕಿ ಮಣ್ಣು ಮುಚ್ಚು, ಎರಡು ದಿನ ನೀರು ತಪ್ಪಿದರೂ ತಡೆದುಕೊಳ್ಳುತ್ತದೆ. ಗಿಡದಲ್ಲಿ ಹೇನು ಕಂಡರೆ ಒಲೆಯ ಬೂದಿಯೇ ಸಾಕು, ಇಬ್ಬನಿ ಆರುವ ಮೊದಲು ಎರಚು. ಅಂಗಡಿಯ ಬಿಳಿ ಪುಡಿ ಮಾತ್ರ ತರಬೇಡ. ಹುಳ ಸಾಯುತ್ತದೆ, ಅದನ್ನು ತಿಂದ ಗುಬ್ಬಚ್ಚಿಯೂ ಸಾಯುತ್ತದೆ.

ಹಕ್ಕಿಗೆ ದೊಡ್ಡ ಕರಟದಲ್ಲಿ ನೀರಿಡು. ತುಂಬ ಆಳ ಬೇಡ. ಒಳಗೊಂದು ಕಲ್ಲು ಹಾಕು, ಗುಬ್ಬಚ್ಚಿ ಕಾಲೂರಿ ಕುಡಿಯುತ್ತದೆ. ದಿನಾ ತೊಳೆ. ಬೆಕ್ಕು ನೆಗೆಯದಷ್ಟು ಎತ್ತರದಲ್ಲಿ ಕಟ್ಟು. ರಾಗಿ, ಅಕ್ಕಿ ನುಚ್ಚು ಹಾಕಬಹುದು, ಉಪ್ಪು ಬೆರೆತ ಅನ್ನ ಬೇಡ. ಹಕ್ಕಿಯನ್ನು ಯಾರೂ ಕರೆದು ತರಲಾಗುವುದಿಲ್ಲ ಶಿವೂ. ಅದಕ್ಕೆ ಬೇಕಾದ್ದು ಎಲ್ಲಿದೆಯೋ ಅಲ್ಲಿ ಕೂರುತ್ತದೆ. ಬೇಡದ ಕಡೆಯಿಂದ ಎದ್ದು ಹೋಗುತ್ತದೆ. ಇಷ್ಟು ಗೊತ್ತಿದ್ದರೆ ಸಾಕು. ಈ ವರ್ಷ ನಾನು ಮಾಡಿದ್ದೂ ಇಷ್ಟನ್ನೇ.

ಹೋದ ಸಂಕ್ರಾಂತಿಯ ಹೊತ್ತಿಗೆ ನಿಮ್ಮ ಭಾವ ತೀರಿಕೊಂಡಾಗ ನೀನು ಮಣ್ಣಿಗೆ ಬಂದು ಮೂರೇ ದಿನ ಇದ್ದು ಹೋದೆ. ಅವರನ್ನು ತೋಟದ ಶೆಡ್ಡಿನಲ್ಲಿ ಯಾಕೆ ಮಲಗಿಸಿದ್ದಿರಿ ಎಂದು ನೀನು ಕೇಳಿದ್ದೆ. ಗೂಬೆ ಕೂತಿತು, ಮನೆ ಬಿಡಿಸಿದರು ಎಂದಷ್ಟೇ ನಾನು ಹೇಳಿದ್ದೆ. ಆವತ್ತು ದ್ರಾಕ್ಷಾಯಣಮ್ಮ ನಿನ್ನ ಪಕ್ಕದಲ್ಲೇ ಕೂತು ನಿನ್ನ ಬೆನ್ನು ಸವರುತ್ತಿದ್ದಳು. ಈಗ ಪೂರ್ತಿ ಹೇಳುತ್ತೇನೆ, ಕೇಳು.

ನಮ್ಮದು ಪಾಲಾದ ಮನೆ ಎಂದು ನಿನಗೆ ಗೊತ್ತು. ನಡುವೆ ಗೋಡೆ ಎದ್ದರೂ ಮೇಲೆ ಸೂರು ಒಂದೇ, ಅಟ್ಟವೂ ಹಲಗೆ ಅಡ್ಡ ಇಟ್ಟು ಎರಡು ಮಾಡಿದ್ದು. ಆ ಕಡೆ ದೊಡ್ಡ ಭಾವ ಮರುಳಪ್ಪನವರು, ಅವರ ಹೆಂಡತಿ ದ್ರಾಕ್ಷಾಯಣಮ್ಮ. ಈ ಕಡೆ ನಾವಿಬ್ಬರು. ಹೋದ ಡಿಸೆಂಬರಿನಲ್ಲಿ ಒಂದು ಮುಸ್ಸಂಜೆ ಬಿಳಿ ಮುಖದ ಗೂಬೆಯೊಂದು ಬಂದು ಸೂರಿನ ಮೇಲೆ ಕೂತಿತು. ಮೊದಲು ನೋಡಿದವಳು ಅವಳೇ. ನೋಡಿದವಳು ಕೂಗಿಕೊಳ್ಳಲಿಲ್ಲ. ತಿಮ್ಮಯ್ಯನನ್ನು ಕರೆಸಿ ಏಣಿ ಹಾಕಿಸಿದಳು. "ನಡುಗೋಡೆಯಿಂದ ಎಷ್ಟು ಹೆಂಚು ಅಂತ ಎಣಿಸ್ಲಾ" ಎಂದಳು. ದಿನಾ ನಮ್ಮ ತೆಂಗಿನ ಮರ ಹತ್ತುವ ಆಳು ಅವನು, ಪಾಪ, ಎಣಿಸಿದ. "ಎಲ್ಡು ಹೆಂಚು ಚಿಕ್ಕಮ್ನೋರ ಕಡೀಕೈತೆ ಕಣವ್ವ" ಎಂದ.

ಎರಡು ಹೆಂಚು ಎಂದರೆ ನನ್ನ ಎರಡು ಗೇಣು. ಅಷ್ಟರಲ್ಲಿ ಗೂಬೆ ನಮ್ಮದಾಯಿತು. ಮಾರನೆಯ ಬೆಳಿಗ್ಗೆ ಬಾವಿಯ ಹತ್ತಿರ ಅವಳು ಪುಟ್ಟಗಂಗಮ್ಮನಿಗೆ ಹೇಳಿದಳು. ಪುಟ್ಟಗಂಗಮ್ಮನಿಗೆ ಹೇಳಿದರೆ ಊರಿಗೆ ಬೇರೆ ಡಂಗುರ ಬೇಕಿಲ್ಲ. ಮೂರು ತಿಂಗಳು ಮನೆ ಬಿಡಬೇಕು, ಬಾಗಿಲಿಗೆ ಮುಳ್ಳು ಹಾಕಬೇಕು, ಇಲ್ಲದಿದ್ದರೆ ಒಳಗೆ ಕಾಯಿಲೆ ಬಿದ್ದು ಮಲಗಿರುವವರೇ ಮೊದಲು ಹೋಗುವುದು ಎಂದು ಊರವರು ಹೇಳಿದರು. ನಿಮ್ಮ ಭಾವ ಆಗಲೇ ಉಸಿರು ಕಟ್ಟುವ ಗೂರಲಿನಿಂದ ಹಾಸಿಗೆ ಹಿಡಿದಿದ್ದರು. ಅವರನ್ನು ಗಾಡಿಯಲ್ಲಿ ತೋಟಕ್ಕೆ ಕರೆದುಕೊಂಡು ಹೋದೆವು. ಶೆಡ್ಡಿಗೆ ಮೂರು ಕಡೆ ಮಾತ್ರ ಗೋಡೆ, ಇನ್ನೊಂದು ಕಡೆ ಗರಿಯ ತಡಿಕೆ. ಬೆಳಗಿನ ಜಾವ ತಗಡಿನಿಂದ ಇಬ್ಬನಿ ತೊಟ್ಟಿಕ್ಕಿ ಕಂಬಳಿ ಒದ್ದೆಯಾಗುತ್ತಿತ್ತು. ಇಪ್ಪತ್ತೆರಡು ದಿನ ಇದ್ದರು. ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಹೋದರು.

ಮಣ್ಣು ಮಾಡಿ ಬಂದ ಮೇಲೆ ಅವಳು ಹೆಂಗಸರ ಮುಂದೆ ಹೇಳಿದ್ದನ್ನು ನಾನು ಈ ಕಿವಿಯಲ್ಲಿ ಕೇಳಿದೆ. "ಗೂಬೆ ಸುಮ್ಕೆ ಕೂರ್ತದಾ? ನಾನು ಅವತ್ತೇ ಹೇಳಿರ್ನಿಲ್ವಾ?" ಎಂದಳು. ಆ ಮಾತಿನಲ್ಲಿ ದುಃಖ ಇರಲಿಲ್ಲ ಶಿವೂ, ಗೆದ್ದ ಖುಷಿ ಇತ್ತು. ಯಾರದೋ ಮೇಲೆ ಗೂಬೆ ಕೂರಿಸಿದರು ಎಂದು ಜನ ಬರೀ ಮಾತಿಗೆ ಹೇಳುತ್ತಾರೆ. ನನ್ನ ಮೇಲೆ ಏಣಿ ಹಾಕಿ, ಎಣಿಸಿ ಕೂರಿಸಿದರು.

ಮೂರು ತಿಂಗಳು ಕಳೆದು ಮನೆಗೆ ಬಂದೆ. ಅಟ್ಟಕ್ಕೆ ಹತ್ತಿ ನೋಡಿದೆ. ಕೊಬ್ಬರಿಗೆ ಹಾಕಿದ್ದ ಕಾಯಿಗಳ ಮಧ್ಯೆ ಇಲಿಗಳ ಸಂಸಾರ. ಮೂಲೆಯಲ್ಲಿ ಗೂಬೆ ಉಗುಳಿದ ಉಂಡೆಗಳು, ಅವುಗಳ ತುಂಬ ಇಲಿಯ ಮೂಳೆ, ಕೂದಲು. ಅಲ್ಲೇ ಕೂತು ಒಂದೊಂದನ್ನೇ ಬಿಡಿಸಿ ನೋಡಿದೆ. ಗೂಬೆ ಬಂದದ್ದು ಇದಕ್ಕೆ. ಅದಕ್ಕೆ ನಡುಗೋಡೆ ಗೊತ್ತಿಲ್ಲ, ಪಾಲು ಗೊತ್ತಿಲ್ಲ, ಕಾಯಿಲೆಯವರು ಯಾರೆಂದೂ ಗೊತ್ತಿಲ್ಲ. ಇಳಿದು ಬಂದು ಮುಖ ತೊಳೆದುಕೊಂಡೆ. ಏನು ಮಾಡಬೇಕೆಂದು ಆವತ್ತೇ ಹೊಳೆಯಿತು.

ಈ ಸಲ ಒಂದು ಕಾಯಿಯನ್ನೂ ಅಟ್ಟಕ್ಕೆ ಹಾಕಿಸಲಿಲ್ಲ. ಎಲ್ಲವನ್ನೂ ಶೆಡ್ಡಿಗೆ ಹಾಕಿಸಿದೆ. ಅಟ್ಟ ಗುಡಿಸಿ, ಬೇವಿನ ಹೊಗೆ ಹಾಕಿ, ನಮ್ಮ ಕಡೆಯ ಸಂದುಗಳನ್ನೆಲ್ಲ ಹೆಂಚಿನ ಚೂರು, ಮಣ್ಣು ಮೆತ್ತಿ ಮುಚ್ಚಿದೆ. ತಿನ್ನಲು ಏನೂ ಸಿಗದೆ ಇಲಿಗಳು ಹಲಗೆ ದಾಟಿ ಆ ಕಡೆಗೆ ಹೋದವು. ಹಿತ್ತಲಿನಲ್ಲಿ ಸುಳಿ ಹೋಗಿ ಬೋಳಾಗಿ ನಿಂತಿದ್ದ ತೆಂಗಿನ ಮರದ ಮೇಲೆ ಗೂಬೆ ಆಗಾಗ ಕೂರುತ್ತಿತ್ತು, ಕಾರ್ತಿಕದಲ್ಲಿ ಅದನ್ನು ಕಡಿಸಿದೆ, ಅದಕ್ಕೆ ಕೂರಲು ಸೂರೊಂದೇ ಉಳಿಯಿತು. ಅವಳ ಅಟ್ಟದ ಬೆಳಕಿಂಡಿಗೆ ಹೊಡೆದಿದ್ದ ಜಾಲರಿ ಕಿತ್ತುಹೋದದ್ದನ್ನು ಶ್ರಾವಣದಲ್ಲೇ ನೋಡಿದ್ದೆ. ಹೇಳಲಿಲ್ಲ. ಮಾಡಿದ್ದು ಇಷ್ಟೇ. ಯಾರು ನೋಡಿದರೂ ವಿಧವೆ ಮನೆಯನ್ನು ಎಷ್ಟು ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದಾಳೆ ಎನ್ನಬೇಕು. ಅಂದರು ಕೂಡ.

ಮೊನ್ನೆ ಶುಕ್ರವಾರ ಮುಸ್ಸಂಜೆ ಗೂಬೆ ಬಂದು ಕೂತಿತು. ನಾನು ಕರಟಕ್ಕೆ ನೀರು ತುಂಬುತ್ತಿದ್ದೆ. ನನಗೆ ಏಣಿ ಬೇಕಾಗಲಿಲ್ಲ. ನೆಲದಲ್ಲೇ ನಿಂತು ಎಣಿಸಿದೆ. ನಡುಗೋಡೆಯಿಂದ ಆಚೆಗೆ ಹನ್ನೊಂದು ಹೆಂಚು. ನಿನ್ನೆಯೂ ಬಂತು, ಅದೇ ಜಾಗ.

ಇವತ್ತು ಹತ್ತು ಗಂಟೆಗೆ ಅವಳು ಮೊರ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದಳು. ನಾನು ಅವರೆಕಾಯಿ ಬಿಡಿಸುತ್ತಿದ್ದೆ.

"ಏನೇ ಗಿರಿಜಾ, ನಿನ್ನ ಅವರೆ ಸೊಗಡು ನಮ್ಮ ಪಡಸಾಲೆಗಂಟ ಬತ್ತಾ ಐತೆ" ಎಂದಳು.

"ಕಿತ್ಕೊಳ್ಳಿ ಅಕ್ಕ, ಬೇಕಾದಷ್ಟೈತೆ" ಎಂದೆ.

"ಅವರೆ ಹಂಗಿರ್ಲಿ ಬುಡು." ಸ್ವಲ್ಪ ಹೊತ್ತು ಮೊರದ ಅಂಚು ಕೆರೆಯುತ್ತಾ ನಿಂತಳು. "ಮ್ಯಾಲೆ ಏನಾರ ನೋಡಿದ್ಯಾ ನೀನು?"

"ಹಕ್ಕಿ ನೋಡ್ತೀನಿ ಅಕ್ಕ. ಪಿಕಳಾರ ಬಂದಾವೆ, ಗೊರವಂಕ ಬಂದಾವೆ."

"ನಂತಾವ ಆಟ ಆಡ್ಬ್ಯಾಡ ಕಣೇ."

"ಹನ್ನೊಂದು ಹೆಂಚು" ಎಂದೆ.

ಅವಳ ಮುಖ ಬೂದಿಯಾಯಿತು. ಅಲ್ಲೇ ಕಟ್ಟೆಯ ಮೇಲೆ ಕೂತಳು. ಅವಳ ಮಗಳು ಸರ್ವಮಂಗಳ ಹೆರಿಗೆಗೆ ಬಂದಿದ್ದಾಳೆ, ಕೂಸಿಗೆ ಇನ್ನೂ ಇಪ್ಪತ್ತು ದಿನ. "ಒಳಗೆ ಬಾಣಂತಿ ಅವ್ಳೆ ಗಿರಿಜಾ. ಹಸುಗೂಸು. ಈ ಚಳೀಲಿ ಎಲ್ಲಿಗೆ ಹೊತ್ಕಂಡು ಹೋಗ್ಲಿ? ನಿಮ್ಮ ದೊಡ್ಡ ಭಾವನೋರೂ ನೋಡಿಲ್ಲ. ನೀನು, ನಾನು, ಇಬ್ರೇ ನೋಡಿರೋದು. ಯಾರ್ಗೂ ಹೇಳ್ಬ್ಯಾಡ ಕಣವ್ವ, ನಿನ್ನ ಕಾಲು ಹಿಡ್ಕಂತೀನಿ."

"ಮನೆ ಬಿಡೋದೇ ಆದ್ರೆ ನಮ್ಮ ಶೆಡ್ಡು ಕೇಳ್ಬೇಡಿ ಅಕ್ಕ. ಈ ಸಲ ಅದರ ತುಂಬ ಕಾಯಿ ಹಾಕಿಸಿದೀನಿ" ಎಂದೆ.

ಆಗ ಅವಳಿಗೆ ಅರ್ಥವಾಯಿತು. ಅಟ್ಟ, ಬೋಳು ಮರ, ಶೆಡ್ಡು, ಎಲ್ಲ ಒಂದರ ಹಿಂದೆ ಒಂದು ಅವಳ ಕಣ್ಣಿನಲ್ಲಿ ಹಾದು ಹೋದದ್ದು ನನಗೆ ಕಂಡಿತು. ಹನ್ನೊಂದು ತಿಂಗಳು ನಾನು ಕಾದದ್ದು ಆ ಒಂದು ನೋಟಕ್ಕೆ.

"ಸೇಡು ತೀರಿಸ್ಕಂತೀಯೇನೇ?" ಎಂದಳು.

"ಹೂಂ ಅಕ್ಕ."

"ಥೂ, ನಿನ್ನ ಹೊಟ್ಟೇಲಿ ಇಷ್ಟೊಂದು ಐತೆ ಅಂತ ಗೊತ್ತಿರ್ನಿಲ್ಲ. ಬಾಯಿ ಸತ್ತೋಳು ಅಂದ್ಕಂಡಿದ್ದೆ."

"ನೀವು ಕೇಳಿರ್ಲಿಲ್ಲ ಅಕ್ಕ" ಎಂದೆ.

ಬೈಯಲಿ ಎಂದು ಕಾದೆ. ಬೈಯಲಿಲ್ಲ, ಸೆರಗು ಬಾಯಿಗೆ ಹಿಡಿದು ಅತ್ತಳು. ಗೋಡೆಯ ಆ ಕಡೆ ಕೂಸೂ ಅಳುತ್ತಿತ್ತು. ನಾನು ಅವರೆ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಒಂದು ಹಿಡಿ ಕಾಳು ಆದ ಮೇಲೆ ಹೇಳಿದೆ: "ನಾನು ಯಾರಿಗೂ ಹೇಳಲ್ಲ. ಆದ್ರೆ ನಾಳೆ ಬೆಳಿಗ್ಗೆ ಬಾವಿ ಹತ್ರ, ಪುಟ್ಟಗಂಗಮ್ಮನ ಮುಂದೆ, ಎಲ್ಲರ ಮುಂದೆ, ನಮ್ಮ ಸೂರಿನ ಮೇಲೆ ಗೂಬೆ ಕೂತೈತೆ ಅಂತ ನೀವೇ ಹೇಳ್ಬೇಕು. ಅದು ಇಲಿ ತಿನ್ನಕ್ಕೆ ಬಂದೈತೆ, ಮನುಷ್ಯರನ್ನ ತಿನ್ನಕ್ಕಲ್ಲ, ನಾವು ಮನೆ ಬಿಡಲ್ಲ ಅಂತ ಹೇಳ್ಬೇಕು. ನೀವು ಹೇಳ್ಲಿಲ್ಲ ಅಂದ್ರೆ ನಾನು ಹೇಳ್ತೀನಿ, ಹನ್ನೊಂದು ಹೆಂಚು ಅಂತ."

"ಅಂಗಂದ್ರೆ ಹೋದೊರ್ಸ ನಾನು ಅಂದಿದ್ದು?"

"ಅದನ್ನ ಅವರೇ ಕೇಳ್ತಾರೆ. ಉತ್ರ ನೀವೇ ಕೊಡಿ."

ಮೊರ ಅಲ್ಲೇ ಬಿಟ್ಟು ಎದ್ದು ಹೋದಳು.

ಅವಳು ಹೋದ ಮೇಲೆ ತಿಮ್ಮಯ್ಯನಿಗೆ ಹೇಳಿ ಒಂದು ಹೊರೆ ಕಾರೆಮುಳ್ಳು ಕಡಿಸಿ ಬಾವಿಯ ಕಟ್ಟೆಯ ಪಕ್ಕದಲ್ಲಿ ಇಡಿಸಿದೆ. ಯಾಕವ್ವ ಎಂದ. ಬೇಲಿಗೆ ಎಂದೆ. ಅವನು ನನ್ನ ಮುಖ ನೋಡಿ ಮಚ್ಚು ಎತ್ತಿಕೊಂಡು ಹೋದ. ಅವಳ ಅಡುಗೆ ಮನೆಯ ಕಿಟಕಿಯಿಂದ ಆ ಹೊರೆ ಚೆನ್ನಾಗಿ ಕಾಣುತ್ತದೆ.

ನಿನ್ನ ಅಕ್ಕ ಇಂಥವಳೆಂದು ಬೇಸರ ಮಾಡಿಕೊಳ್ಳಬೇಡ. ಮಾಡಿಕೊಂಡರೂ ನನಗೆ ಬರೆಯಬೇಡ. ನೀನು, ನಿನ್ನ ಯಜಮಾನರು, ಮಕ್ಕಳು ಬೆಚ್ಚಗೆ ಇರಿ. ಸಿದ್ಧರಾಮೇಶ್ವರ ನಿಮ್ಮ ಮನೆಯವರ ಎದೆಯಲ್ಲಿ ಉಸಿರು ಸರಾಗವಾಗಿ ಆಡುವಂತೆ ಇಡಲಿ. ಅದಕ್ಕಿಂತ ದೊಡ್ಡ ಆಶೀರ್ವಾದ ನನಗೆ ಗೊತ್ತಿಲ್ಲ. ಕೊತ್ತಂಬರಿ ಬೀಜವನ್ನು ಒಂದು ಪೊಟ್ಟಣ ಕಟ್ಟಿ ಇಟ್ಟಿದ್ದೇನೆ, ಈ ಕಡೆಯಿಂದ ಯಾರಾದರೂ ಬಂದರೆ ಕಳಿಸುತ್ತೇನೆ.

ನಿನ್ನ ಅಕ್ಕ,
ಗಿರಿಜಾಂಬಿಕಾ

ಮತ್ತೆ: ಕಾಗದ ಮಡಿಸಿದ ಮೇಲೆ ತಿರುಗಿ ಬಿಚ್ಚಿದ್ದೇನೆ. ಮನೆ ಬಿಡಿಸಿದರು ಎಂದು ಮೇಲೆ ಬರೆದಿದ್ದೇನೆ. ಹಿಂದೆಯೂ ನಿನಗೆ ಹಾಗೇ ಹೇಳಿದ್ದೆ. ಯಾರೂ ಕೈ ಹಿಡಿದು ಎಳೆಯಲಿಲ್ಲ ಶಿವೂ. ದೊಡ್ಡ ಭಾವನವರು, "ನಿಮ್ಮ ಮನಸ್ಸಿಗೆ ಬಂದಂಗೆ ಮಾಡಿ" ಎಂದಷ್ಟೇ ಹೇಳಿದರು. ನಿಮ್ಮ ಭಾವ ಕೆಮ್ಮುತ್ತಾ ನಕ್ಕರು. "ಅದು ಇಲಿ ತಿನ್ನಕ್ಕೆ ಬಂದೈತೆ ಕಣೇ, ನನ್ನ ತಿನ್ನಕ್ಕಲ್ಲ. ಇಲ್ಲೇ ಇರಾನ" ಎಂದರು. ಹೆದರಿದವಳು ನಾನು. ಹಾಸಿಗೆ ಸುತ್ತಿದವಳು ನಾನು. ಬಾಗಿಲಿಗೆ ಮುಳ್ಳು ಹಾಕಿದ್ದೂ ಈ ಕೈಯೇ. ಶೆಡ್ಡಿನಲ್ಲಿ ಹತ್ತೊಂಬತ್ತನೆಯ ದಿನ ಬೆಳಿಗ್ಗೆ, "ಮನೇಗೆ ಹೋಗಾನ್ವಾ?" ಎಂದು ಕೇಳಿದರು. ಇನ್ನೂ ಎರಡು ತಿಂಗಳಿದೆ, ಸುಮ್ಮನೆ ಮಲಗಿ ಎಂದು ಗದರಿದೆ. ಆಮೇಲೆ ಅವರು ಕೇಳಲಿಲ್ಲ. ಡೈರಿಯಲ್ಲಿ ಆ ದಿನದ ಹಾಳೆ ಖಾಲಿ ಇದೆ.

ದ್ರಾಕ್ಷಾಯಣಮ್ಮ ಹೇಳಬೇಕೆಂದು ನಾನು ಹಟ ಹಿಡಿದಿರುವುದು ಅವರ ಮಾತನ್ನೇ. ಆವತ್ತು ನಾನು ಕೇಳಿಸಿಕೊಳ್ಳಲಿಲ್ಲ. ಊರಿನವರ ಎದುರು, ಅವಳ ಬಾಯಲ್ಲಿ, ಒಂದು ಸಲ ಕೇಳಬೇಕು. ಹೇಳಿದರೆ ಆ ಮುಳ್ಳು ನಿಜವಾಗಿ ಅವರೆಯ ಬೇಲಿಗೆ.

ನಾಳೆ ಸೋಮವಾರ. ಬಾವಿಯಲ್ಲಿ ಮೊದಲ ಕೊಡ ಅವಳದು, ಎರಡನೆಯದು ನನ್ನದು.