ಕೆಟ್ಟುಹೋದ ಕಿರುಗಣ್ಣನ್ನು ಅಳಿಸಬೇಡಿ

ಗದಗ, ೨೨೩೧ನೇ ಇಸವಿ, ಫೆಬ್ರವರಿ ಮೂವತ್ತು.

ಇಪ್ಪತ್ತೊಂದನೆಯ ಶತಮಾನದ ಕಣ್ಣಿನ ಡಾಕ್ಟರರಿಗೆ ಮುಕ್ತಾಯಿಯ ನಮಸ್ಕಾರಗಳು. ಹಿಂದಿನ ಕಾಲಕ್ಕೂ ಕಾಗದ ಒಯ್ಯುವ ಅಂಚೆ ಈಗ ನಮ್ಮಲ್ಲಿದೆ. ತಾರೀಖು ನೋಡಿ ನಗಬೇಡಿ, ನಾವು ಕ್ಯಾಲೆಂಡರ್ ತಿದ್ದಿಕೊಂಡು ಬಹಳ ಕಾಲವಾಯಿತು. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಕ್ಷಮಿಸಿ, ತಿದ್ದಿ ಬರೆಯುವಷ್ಟು ವ್ಯವಧಾನ ನನಗಿಲ್ಲ.

ನಮ್ಮಲ್ಲಿ ಕಣ್ಣಿನ ಪೊರೆ ತೆಗೆಯುವುದು ಹಸ್ತಕ. ಹಸ್ತಕವೆಂದರೆ ಆಪರೇಷನ್ ಮಾಡುವ ಯಂತ್ರ. ಬಸ್ ನಿಲ್ದಾಣದಲ್ಲೂ ಒಂದಿದೆ. ಸಂತೆಗೆ ಬಂದವರು ಚೀಲ ಪಕ್ಕಕ್ಕಿಟ್ಟು ಪೊರೆ ತೆಗೆಸಿಕೊಂಡು, ಚಹಾ ಕುಡಿದು, ಮುಂದಿನ ಬಸ್ಸಿಗೆ ಊರಿಗೆ ಹೋಗುತ್ತಾರೆ. ನನ್ನ ಮಗಳು ನೀಲಾಂಬಿಕೆಗೆ ಮಾತ್ರ ಆ ಭಾಗ್ಯವಿಲ್ಲ. ಅವಳದು ಹುಟ್ಟಿನಿಂದಲೇ ಕಿರುಗಣ್ಣು: ಗುಡ್ಡೆ ತೀರಾ ಚಿಕ್ಕದು, ಒಳಗಿನ ಮಸೂರ ಮಾತ್ರ ಎಲ್ಲರಷ್ಟೇ ದೊಡ್ಡದು. ಸಣ್ಣ ಡಬ್ಬಿಗೆ ದೊಡ್ಡ ಉಂಡೆ ತುರುಕಿದ ಹಾಗೆ. ಹೋದ ವರ್ಷ ಹಸ್ತಕ ಅವಳ ಎಡಗಣ್ಣನ್ನು ಎಲ್ಲರ ಕಣ್ಣಿನಂತೆಯೇ ಕೊಯ್ದಿತು. ಒತ್ತಡ ಇಳಿದೊಡನೆ ಒಳಪದರಗಳ ನಡುವೆ ನೀರು ತುಂಬಿ ಕಣ್ಣು ಹೋಯಿತು. ಈಗ ಬಲಗಣ್ಣಿನಲ್ಲೂ ಪೊರೆ ಬಲಿತು ನನ್ನ ಮುಖವೇ ಅವಳಿಗೆ ಕಾಣದು.

ಹಸ್ತಕಕ್ಕೆ ಯಾಕೆ ತಿಳಿಯಲಿಲ್ಲ ಗೊತ್ತೇ? ಅದು ಕಲಿತದ್ದು ನೋಟದ ಕಣಜದಿಂದ. ನಿಮ್ಮ ಕಾಲದ ಆಪರೇಷನ್ ವಿಡಿಯೊಗಳನ್ನೆಲ್ಲ ಕೂಡಿಟ್ಟ ಉಗ್ರಾಣ ಅದು. ಅಲ್ಲಿಗೆ ನೀವು ಕಳಿಸಿದ್ದು ಚೆನ್ನಾಗಿ ಆದವನ್ನು ಮಾತ್ರ. ಕಿರುಗಣ್ಣುಗಳು ಕೈಕೊಟ್ಟಾಗ ಮರ್ಯಾದೆಗೆ ಅಂಜಿ ಅಳಿಸಿಬಿಟ್ಟಿರಿ. ನಿಮ್ಮ ಮರ್ಯಾದೆಯೇನೋ ಉಳಿಯಿತು, ಸಂತೋಷ.

ಕೈಯಿಂದ ಆಪರೇಷನ್ ಮಾಡಬಲ್ಲವರು ನಮ್ಮೂರಲ್ಲಿ ಈಗ ಒಬ್ಬರೇ, ವಯಸ್ಸಾದ ಡಾಕ್ಟರ್ ಈರಪ್ಪ ಅಂಗಡಿಯವರು. ಇಂಥ ಕಣ್ಣಿನ ಪೊರೆ ತೆಗೆಯುವ ಮೊದಲೇ ಬಿಳಿಗೋಡೆಯಲ್ಲಿ ಸಣ್ಣ ಕಿಂಡಿ ಕೊರೆದು ನೀರಿಗೆ ದಾರಿ ಮಾಡಬೇಕೆಂದು ಅವರು ಕೇಳಿ ಬಲ್ಲರು, ಕಣ್ಣಾರೆ ಕಂಡಿಲ್ಲ. “ಸೋಮವಾರ ಮಾಡ್ತೀನವ್ವಾ. ಆದ್ರ ಎಲ್ಲಿ ಕೆಡತೈತಿ ಅನ್ನೂದನ್ನ ಒಮ್ಮೆ ನೋಡಿದ್ರ ನನ್ನ ಕೈ ನಡಗೂದಿಲ್ಲ” ಎಂದರು. ಪಕ್ಕದಲ್ಲೇ ಕೂತಿದ್ದ ನೀಲಾ, “ಮಾಡ್ರಿ ಅಜ್ಜಾರ, ಹೆಂಗೂ ಕಾಣವಲ್ದು” ಎಂದಳು.

ನಿಮ್ಮ ಕಾಲಿಗೆ ಬೀಳುತ್ತೇನೆ. ಕೆಟ್ಟುಹೋದ ಕಿರುಗಣ್ಣಿನ ಆಪರೇಷನ್ ಒಂದನ್ನಾದರೂ ಅಳಿಸದೆ ಕಣಜಕ್ಕೆ ಹಾಕಿ. ನೀವು ಹಾಕಿದ್ದರೆ ಅದು ಇಲ್ಲಿ ಇನ್ನೂರು ವರ್ಷಗಳಿಂದ ಇರಬೇಕು. ಬೆಳಿಗ್ಗೆ ಎದ್ದು ಹುಡುಕಿದೆ, ಇರಲಿಲ್ಲ. ಅಂದರೆ ಈ ಕಾಗದ ಓದಿಯೂ ನೀವು ಹಾಕಲಿಲ್ಲ ಎಂದಾಯಿತು. ಆದರೂ ಕಳಿಸುತ್ತಿದ್ದೇನೆ. ನಾಳೆ ಮತ್ತೆ ಹುಡುಕುತ್ತೇನೆ.