ಇಲ್ಲದ ದೀಪವನ್ನು ಹುಡುಕುತ್ತಿದ್ದ ಪರದೆ

ಕೆಂಚನಗುಡ್ಡ
೨೩೮೭, ಹದಿಮೂರನೆಯ ತಿಂಗಳು, ಮೂವತ್ತೆರಡನೆಯ ದಿನ

ಗಣಿಯ ಕಂಪ್ಯೂಟರ್ ಪರದೆಯ ಹಿಂದೆ ಎಲ್ಇಡಿ ಪಟ್ಟಿ ಕೂರಿಸಿದವರಿಗೆ,

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ಮಳೆಗಾಲ ತನ್ನ ಜಾಗ ಬಿಟ್ಟು ಸರಿದ ಮೇಲೆ ನಮ್ಮ ಹಿರಿಯರು ವರ್ಷಕ್ಕೆ ಇನ್ನೊಂದು ತಿಂಗಳನ್ನು ಸೇರಿಸಿದರು. ಅದಕ್ಕೆ ಕಾಯುವ ತಿಂಗಳು ಎನ್ನುತ್ತೇವೆ. ಮೋಡ ಬರುವವರೆಗೆ ಅದು ಮುಗಿಯುವುದಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ನಿಮ್ಮ ಕೆಲವು ಮಾತುಗಳನ್ನು ನಾನು ತಪ್ಪಾಗಿ ಬಳಸಿರಬಹುದು. ಎರಡಕ್ಕೂ ಕ್ಷಮೆ ಇರಲಿ. ನೀವು ಗಂಡಸೋ ಹೆಂಗಸೋ, ಗಣಿ ಕಚೇರಿಯ ನೌಕರರೋ ಹೊರಗಿನಿಂದ ಬಂದ ರಿಪೇರಿಯವರೋ ನನಗೆ ತಿಳಿಯದು. ನಿಮ್ಮ ಕೈಕೆಲಸವನ್ನು ಮಾತ್ರ ಬಲ್ಲೆ.

ನಾನು ಈ ಊರಿನ ಸುದ್ದಿಕಟ್ಟೆಯ ಬರಹಗಾರ. ಬೆಳಿಗ್ಗೆ ನೀರಿಗೆ ಬಂದವರಿಗೆ ಹಿಂದಿನ ದಿನದ ಸಂಗತಿಗಳನ್ನು ಓದಿ ಹೇಳುವ ಜಗಲಿಯೇ ಸುದ್ದಿಕಟ್ಟೆ. ನಡೆದದ್ದನ್ನು ನಡೆದ ಹಾಗೆ ಬರೆಯುವುದು ನನ್ನ ಕೆಲಸ. ಹಿಂದಂಚೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ, ನಮ್ಮಂಥ ಸಣ್ಣ ಊರಿಗೆ ವರ್ಷಕ್ಕೆ ಒಂದೇ ಕಾಗದಕ್ಕೆ ಅವಕಾಶ ಕೊಡುತ್ತದೆ. ಈ ಸಲದ ಕಾಗದವನ್ನು ಊರವರು ಬಾಳವ್ವನಿಗೆ ಬಿಟ್ಟುಕೊಟ್ಟರು. ಅವಳ ಪರವಾಗಿ ಬರೆಯುತ್ತಿದ್ದೇನೆ.

ನಮ್ಮ ಊರು ನಿಮ್ಮ ಗಣಿಯ ಮೇಲೆ ನಿಂತಿದೆ. ನಿಮ್ಮವರು ಚಿನ್ನ ತೆಗೆದ ಸುರಂಗಗಳಲ್ಲಿ ನಾವು ಮಳೆನೀರು ಕೂಡಿಡುತ್ತೇವೆ. ಬಿಸಿಲು ಕಾಣದ ಆ ನೀರಿನ ತಂಪನ್ನೇ ಕೊಳವೆಗಳಲ್ಲಿ ಮನೆಯ ನೆಲದಡಿಗೆ ಹಾಯಿಸುತ್ತೇವೆ. ಮಧ್ಯಾಹ್ನದ ಹೊತ್ತು ಊರಿಗೆ ಊರೇ ನೆಲಕ್ಕೆ ಬೆನ್ನು ಹಚ್ಚಿ ಮಲಗಿರುತ್ತದೆ. ಮೋಡ ಬರುವ ಮೊದಲು ಸುರಂಗದ ಹೂಳು ಎತ್ತಬೇಕು. ಆ ಕೆಲಸಕ್ಕೆ ಇಳಿದವನು ಬಾಳವ್ವನ ಗಂಡ ಭರಮಣ್ಣ. ಅವನು ಒಳಗೆ ಹೋದ ಮೇಲೆ ಅವನ ಹಿಂದೆ ಸುರಂಗದ ಚಾವಣಿ ಕುಸಿಯಿತು. ಅವನು ಕೊಳವೆಯ ಮೇಲೆ ಬಡಿಯುವ ಸದ್ದು ಮೇಲಕ್ಕೆ ಕೇಳುತ್ತಿತ್ತು. ಬಿದ್ದ ಬಂಡೆಗಳಿಗೆ ಕೈ ಹಚ್ಚಿದರೆ ಇನ್ನಷ್ಟು ಬೀಳುತ್ತಿದ್ದವು.

ಗಾಳಿಗೆಂದು ಕೊರೆದ ಬಾವಿಯೊಂದು ಆ ಸುರಂಗಕ್ಕೆ ಇತ್ತೆಂದು ಎಲ್ಲರೂ ಕೇಳಿದ್ದೆವು. ಅದರ ಬಾಯಿ ಯಾವ ಮನೆಯ ಕೆಳಗೆ, ಯಾವ ಬೀದಿಯ ಕೆಳಗೆ ಮುಚ್ಚಿಹೋಗಿದೆ ಎಂಬುದು ಗಣಿಯ ನಕ್ಷೆಗೆ ಮಾತ್ರ ಗೊತ್ತಿತ್ತು. ನಕ್ಷೆ ಗಣಿಯ ಹಳೆಯ ಕಂಪ್ಯೂಟರಿನಲ್ಲಿತ್ತು. ಆ ಕಂಪ್ಯೂಟರಿಗೆ ಹೊಂದುವ ಪರದೆ ಈಗ ಭೂಮಿಯ ಮೇಲೆ ನಿಮ್ಮದೊಂದೇ.

ಆ ಎರಡೂ ಇರುವ, ಹಳೆಯ ಯಂತ್ರಗಳನ್ನು ಕಾಯುವ ಮನೆಗೆ ಮೂಲಮನೆ ಎನ್ನುತ್ತೇವೆ. ಅದರ ಹಿರಿಯರು ನೀಲಗಂಗಮ್ಮ. ಅಲ್ಲಿ ಒಂದು ಕಟ್ಟಳೆ ಇದೆ: ಯಾವ ಯಂತ್ರಕ್ಕಾದರೂ ಕರೆಂಟು ಕೊಡುವ ಮೊದಲು ಅದನ್ನು ಹುಟ್ಟಿದ ರೂಪಕ್ಕೆ ತರಬೇಕು. ಕಾರ್ಖಾನೆಯ ನಕಾಶೆಗೆ ಜನ್ಮಪಟ ಎಂದು ಹೆಸರು. ಅದನ್ನು ಪಕ್ಕದಲ್ಲಿ ಹರಡಿಕೊಂಡು, ಅದರಲ್ಲಿ ಇಲ್ಲದ್ದನ್ನೆಲ್ಲ ಯಂತ್ರದಿಂದ ಕಳಚಿ ತಟ್ಟೆಗೆ ಹಾಕುತ್ತಾರೆ. ಆಮೇಲೆ ಬಂದ ಕೈಗಳೇ ಯಂತ್ರವನ್ನು ಕೆಡಿಸುವುದು ಎಂದು ನಮ್ಮವರ ನಂಬಿಕೆ. ಆ ದಿನ ಅಷ್ಟು ಅವಸರವಿದ್ದರೂ ನೀಲಗಂಗಮ್ಮ ಕಟ್ಟಳೆ ಮೀರಲಿಲ್ಲ. ಜನ್ಮಪಟದ ಪ್ರಕಾರ ಗಾಜಿನ ಹಿಂದೆ ಮೇಲೊಂದು, ಕೆಳಗೊಂದು ಕಡ್ಡಿಯಂಥ ಟ್ಯೂಬ್‌ಲೈಟು ಇರಬೇಕಿತ್ತು. ಇದ್ದದ್ದು ನಿಮ್ಮ ಎಲ್ಇಡಿ ಪಟ್ಟಿಗಳು. ಅಂಥ ಟ್ಯೂಬು ಈಗ ಎಲ್ಲೂ ಸಿಗದ ಕಾರಣ ಮನಸ್ಸಿಲ್ಲದ ಮನಸ್ಸಿನಿಂದ ಪಟ್ಟಿಗಳನ್ನು ಉಳಿಸಿದರು. ನೀವು ಸೇರಿಸಿದ ಮಿಕ್ಕಿದ್ದೆಲ್ಲ ತಟ್ಟೆಗೆ ಬಿತ್ತು.

ಕರೆಂಟು ಕೊಟ್ಟರು. ಪರದೆ ಬೆಳಗಿತು. ನಾವೆಲ್ಲ ಮುಂದಕ್ಕೆ ಬಾಗುವಷ್ಟರಲ್ಲಿ ಆರಿತು. ಮತ್ತೆ ಕೊಟ್ಟರು, ಮತ್ತೆ ಬೆಳಗಿ, ಒಂದು, ಎರಡು ಎನ್ನುವಷ್ಟರಲ್ಲಿ ಆರಿತು. ಚಿತ್ರದ ಕೇಬಲ್ಲನ್ನು ಬಿಚ್ಚಿ ಮತ್ತೆ ಕೂರಿಸಿದರು. ಕರೆಂಟಿನ ಪೆಟ್ಟಿಗೆ ಬದಲಿಸಿದರು. ಏನು ಮಾಡಿದರೂ ಅಷ್ಟೇ.

“ನೀಲಕ್ಕಾರ, ಇದೇನ್ರಿ, ಹೊಸಾ ಮದುಮಗಳು ನೋಡಿಧಂಗ ಇಷ್ಟೇ ನೋಡಿ ಕಣ್ಣು ಮುಚ್ತದ?” ಎಂದಳು ಬಾಳವ್ವ. ತಮಾಷೆ ಮಾಡುತ್ತಲೇ ಪರದೆಯ ಹತ್ತಿರಕ್ಕೆ ಸರಿದಳು.

“ಚಿತ್ರ ಸತ್ತದವ್ವ,” ಎಂದರು ನೀಲಗಂಗಮ್ಮ. “ಸತ್ತ ಚಿತ್ರಾನ ಎಬ್ಬಿಸೋದು ನಮಗ ಬರೂದಿಲ್ಲ.”

“ಸತ್ತದ ಅಂತ ಯಾರ್ ಹೇಳಿದ್ರು? ಮುಟ್ಟಿ ನೋಡಿದ್ರೇನು?”

ನೀಲಗಂಗಮ್ಮ ಹಾಗೆಂದದ್ದಕ್ಕೆ ಕಾರಣ ಹೇಳಬೇಕು. ನಮ್ಮ ಕಾಲದಲ್ಲಿ ಚಿತ್ರ ಮೂಡುವುದು ಹೊಳೆಬಟ್ಟೆಯ ಮೇಲೆ. ಅದರ ಎಳೆ ಎಳೆಯೂ ತಾನೇ ಬೆಳಗುತ್ತದೆ. ಬೆಳಕು ಹೋಯಿತೆಂದರೆ ಚಿತ್ರವೂ ಹೋಯಿತೆಂದೇ ಅರ್ಥ. ಚಿತ್ರ ಒಂದು, ಅದನ್ನು ಬೆಳಗುವ ದೀಪ ಇನ್ನೊಂದು ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಬಾಳವ್ವ ನನ್ನಿಂದ ಕೈದೀಪ ಕಿತ್ತುಕೊಂಡಳು. ಕತ್ತಲೆಯ ಬಾವಿಯೊಳಗೆ ಬಿದ್ದ ಕೊಡವನ್ನು ಹುಡುಕುವವರ ಹಾಗೆ ದೀಪವನ್ನು ಓರೆಯಾಗಿ ಗಾಜಿಗೆ ಹಿಡಿದು, ಕೆನ್ನೆಯನ್ನೂ ಗಾಜಿಗೆ ತಾಗಿಸಿ ಇಣುಕಿದಳು. ಆಮೇಲೆ ಕಿರುಚಿದಳು:

“ಐತ್ರೀ! ಒಳಗ ಐತಿ! ಅಕ್ಷರ ಕಾಣ್ತಾವ!”

ನಾನೂ ನೋಡಿದೆ. ಕಪ್ಪು ಗಾಜಿನ ಆಳದಲ್ಲಿ, ಕೆರೆಯ ತಳದಲ್ಲಿ ಬಿದ್ದ ಬಿಲ್ಲೆಗಳಂತೆ, ಅಕ್ಷರಗಳಿದ್ದವು. ದಪ್ಪಕ್ಷರಗಳನ್ನು ಓದಬಹುದಿತ್ತು, ನಕ್ಷೆಯ ಸಣ್ಣ ಗೆರೆಗಳು ಮಾತ್ರ ಕಾಣುತ್ತಿರಲಿಲ್ಲ. ಬೆಳಕು ಆರಿದ ಮೇಲೂ ಚಿತ್ರ ಅಲ್ಲೇ ಕುಳಿತಿತ್ತು. ಯಾರೂ ನೋಡದಿದ್ದರೂ ಪೂರ್ತಿಯಾಗಿ, ತಪ್ಪಿಲ್ಲದೆ ಇತ್ತು.  

ಅಲ್ಲಿಂದ ನೀಲಗಂಗಮ್ಮನ ತಲೆ ಚುರುಕಾಯಿತು. ಚಿತ್ರ ಸರಿಯಿದೆ ಎಂದಮೇಲೆ ದೋಷ ಬೆಳಕಿನಲ್ಲಿ. ನಿಮ್ಮ ಪಟ್ಟಿಗಳಿಗೆ ಬೇರೆ ಕಡೆಯಿಂದ ನೇರವಾಗಿ ಕರೆಂಟು ಕೊಟ್ಟರು. ಇಷ್ಟು ಶತಮಾನ ಕಳೆದ ಮೇಲೂ ಪಟ್ಟಿಯ ಅಷ್ಟೂ ದೀಪಮಣಿಗಳು ಉರಿದವು, ಆರಲಿಲ್ಲ. ಹಾಗಾದರೆ ಪಟ್ಟಿಯದೂ ತಪ್ಪಲ್ಲ. ಯಾರೋ ಅದಕ್ಕೆ ಆರಿಹೋಗು ಎಂದು ಹೇಳುತ್ತಿದ್ದಾರೆ. ಹೊತ್ತಿಕೋ, ಆರಿಹೋಗು ಎಂಬ ಅಪ್ಪಣೆ ತರುವ ತೆಳು ತಂತಿಯನ್ನು ಬೆರಳಿನಿಂದ ಹಿಂಬಾಲಿಸಿದರು. ಅದು ಹಳೆಯ ಟ್ಯೂಬುಗಳನ್ನು ಉರಿಸುತ್ತಿದ್ದ ಬೋರ್ಡಿಗೆ ಹೋಗಿ ಮುಟ್ಟಿತು. ಆ ಬೋರ್ಡಿನಲ್ಲಿ ಒಂದು ಕಾವಲಿದೆ. ಟ್ಯೂಬು ಒಡೆದಿದ್ದರೆ ಬೆಂಕಿಯ ಭಯ. ಅದಕ್ಕೆ ಅದು ಮೊದಲು ಟ್ಯೂಬಿನಲ್ಲಿ ಕರೆಂಟು ಹರಿಯುತ್ತಿದೆಯೇ ಎಂದು ನೋಡುತ್ತದೆ. ಹರಿಯದಿದ್ದರೆ ಎರಡು ಎಣಿಸುವಷ್ಟು ಕಾದು ಎಲ್ಲವನ್ನೂ ಆರಿಸಿಬಿಡುತ್ತದೆ. ಆ ಕಾವಲು ನೀವು ಎಂದೋ ತೆಗೆದುಹಾಕಿದ ದೀಪಗಳನ್ನು ಇನ್ನೂ ಹುಡುಕುತ್ತಿತ್ತು.

“ಹಂಗಾದ್ರ ಹಿಂದಿನವರ ಕಾಲ್ದಾಗ ಹೆಂಗ ಉರೀತಿತ್ತು?” ಬಾಳವ್ವ ಕೇಳಿದಳು.

ನೀಲಗಂಗಮ್ಮ ಕಳಚಿದ ವಸ್ತುಗಳಿದ್ದ ತಟ್ಟೆಯ ಕಡೆ ನೋಡಿದರು. ಅದರಲ್ಲಿ ಎರಡು ಕಾಲಿನ ಒಂದು ಬಿಳಿ ತುಂಡಿತ್ತು. ನೀವು ರೆಸಿಸ್ಟರ್ ಎನ್ನುವಂಥದ್ದು. ಟ್ಯೂಬಿನ ತಂತಿ ಸೇರುವ ಜಾಗದಲ್ಲಿ ನೀವು ಅದನ್ನು ಬೆಸುಗೆ ಹಾಕಿದ್ದಿರಿ. ಟ್ಯೂಬು ಕುಡಿಯುತ್ತಿದ್ದಷ್ಟೇ ಕರೆಂಟನ್ನು ಕುಡಿದು, ತಾನು ಬೆಳಗದೆ, ಸುಮ್ಮನೆ ಬಿಸಿಯಾಗುತ್ತ, ನಾನೇ ಟ್ಯೂಬು ಎಂದು ಅದು ಕಾವಲನ್ನು ನಂಬಿಸುತ್ತಿತ್ತು. ಜನ್ಮಪಟದಲ್ಲಿ ಇಲ್ಲದ ವಸ್ತು ಎಂದು ಆ ಬೆಳಿಗ್ಗೆ ಕಟ್ಟಳೆಯಂತೆ ಕಳಚಲಾಗಿತ್ತು.

“ನಮ್ಮ ಶಾಸ್ತ್ರಕ್ಕ ಬೆಂಕಿ ಹಚ್ಚಲಿ,” ಎಂದರು ಮೂಲಮನೆಯ ಹಿರಿಯರು. ಅವರ ಬಾಯಲ್ಲಿ ಅಂಥ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

“ಶಾಸ್ತ್ರ ಆಮ್ಯಾಲ ಸುಡೋಣ್ರಿ, ಮೊದಲು ಅದನ್ನ ಹಚ್ರಿ!” ಎಂದಳು ಬಾಳವ್ವ.

ಮತ್ತೆ ಬೆಸುಗೆ ಹಾಕಿದರು. ಕರೆಂಟು ಕೊಟ್ಟರು. ಎಲ್ಲರೂ ಒಟ್ಟಿಗೆ ಎಣಿಸತೊಡಗಿದೆವು. ಎರಡು ದಾಟಿತು. ಮೂರು, ನಾಲ್ಕು. ಎಷ್ಟಕ್ಕೆ ಎಣಿಕೆ ನಿಂತಿತೋ ನೆನಪಿಲ್ಲ. ತುಸು ನೀಲಿ ಬೆರೆತ ಬಿಳಿ ಬೆಳಕು, ಒಳಗಿನ ಬಿಳಿ ಹಾಳೆಗಳಲ್ಲಿ ಹರಡಿ, ಇಡೀ ಗಾಜಿನ ಮೇಲೆ ಸಮನಾಗಿ ನಿಂತಿತ್ತು. ಬಲಗಡೆಯ ಮೂಲೆ ಮಾತ್ರ ಸ್ವಲ್ಪ ಕಪ್ಪು. ಪಟ್ಟಿಯನ್ನು ಮೂರು ಮೂರು ಮಣಿಗಳಿಗೊಮ್ಮೆಯಷ್ಟೇ ಕತ್ತರಿಸಲು ಬರುವುದರಿಂದ ಅದು ಅಲ್ಲಿಯವರೆಗೆ ಮುಟ್ಟಿಲ್ಲ. ಬೆಳಕು ಹೆಚ್ಚಿಸುವ ಗುಂಡಿ ಒತ್ತಿದರೆ ತಿರುಗುಮುರುಗಾಗಿ ಬೆಳಕು ಕಡಿಮೆಯಾಗುತ್ತದೆ. ನೀವು ಹಾಗೇ ಬಿಟ್ಟಿದ್ದೀರಿ, ನಾವೂ ಹಾಗೇ ಬಿಟ್ಟಿದ್ದೇವೆ.

ಆ ಬೆಳಕಿನಲ್ಲಿ ನಕ್ಷೆ ತೆರೆಯಿತು. ಕೂದಲೆಳೆಯಂಥ ಗೆರೆಗಳು, ಸುರಂಗದ ಮೇಲೆ ಸುರಂಗ, ನಾವು ದಿನವೂ ನಡೆಯುವ ಬೀದಿಗಳ ಕೆಳಗೆ ಇನ್ನೊಂದು ಊರು. ಗಾಳಿಬಾವಿ ಮೇವಿನ ಕೊಟ್ಟಿಗೆಯ ಅಡಿಯಲ್ಲಿತ್ತು. ಹೊತ್ತು ಮುಳುಗುವ ಮೊದಲು ಅದರ ಬಾಯಿ ತೆರೆದು ಹಗ್ಗ ಬಿಟ್ಟೆವು. ಭರಮಣ್ಣ ಕೆಸರಿನ ಗೊಂಬೆಯಾಗಿ ಮೇಲೆ ಬಂದ.

“ಏನ್ ಇಷ್ಟು ತಡಾ ಮಾಡಿದ್ರಿ? ರೊಟ್ಟಿ ಆರಿ ಕಟಗಾಗಿರ್ತಾವ,” ಎಂದ.

“ನೀ ಬರ್ತೀಯೋ ಇಲ್ಲೋ ಅಂತ ಹಿಟ್ಟೇ ಕಲಸಿಲ್ಲ, ಹೋಗು,” ಎಂದು ಬಾಳವ್ವ ಅವನ ಕೆಸರು ಭುಜಕ್ಕೆ ಮುಖ ಒತ್ತಿಕೊಂಡಳು.

ನಡೆದದ್ದು ಇಷ್ಟು. ಮೂಲಮನೆಯ ಕಟ್ಟಳೆ ಬದಲಾಗಿದೆ. ಈಗ ಜನ್ಮಪಟದಲ್ಲಿ ಇಲ್ಲದ್ದು ಕಂಡರೆ, ಇದನ್ನು ಯಾರು, ಯಾಕೆ ಸೇರಿಸಿದರು ಎಂದು ಮೊದಲು ಕೇಳುತ್ತಾರೆ. ಆ ಪ್ರಶ್ನೆಗೆ ನಿಮ್ಮ ವಿಷಯದಲ್ಲಿ ಉತ್ತರವಿಲ್ಲ. ಪರದೆಯನ್ನು ಮಾಡಿದ ಕಾರ್ಖಾನೆಯ ಹೆಸರು ಮುಂದೆಯೂ ಹಿಂದೆಯೂ ಇದೆ. ನಿಮ್ಮದು ಎಲ್ಲೂ ಇಲ್ಲ.

ಈ ಕಾಗದ ಮುಟ್ಟುವ ಹೊತ್ತಿಗೆ ಪರದೆ ನಿಮ್ಮ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿರಬಹುದು. ಹೊತ್ತಿ ಹೊತ್ತಿ ಆರುತ್ತಿರಬಹುದು. ಇದನ್ನು ಗುಜರಿಗೆ ಹಾಕಿ ಹೊಸದು ತರುವುದೇ ಲೇಸು ಎಂದು ಪಕ್ಕದವರು ಹೇಳುತ್ತಿರಬಹುದು. ದಯವಿಟ್ಟು ಹಾಕಬೇಡಿ. ಆ ಬಿಳಿ ತುಂಡನ್ನು ಗಟ್ಟಿಯಾಗಿ ಬೆಸೆಯಿರಿ. ಬಾಳವ್ವನ ಕೋರಿಕೆ ಇನ್ನೂ ಒಂದಿದೆ: ಹಿಂದಿನ ಮುಚ್ಚಳ ಹಾಕುವ ಮೊದಲು, ಒಳಗಿನ ತಗಡಿನ ಮೇಲೆ ಮೊಳೆಯಿಂದ ನಿಮ್ಮ ಹೆಸರನ್ನು ಗೀಚಿ. ನಾವು ಆ ತಗಡನ್ನು ನೋಡಿದ್ದೇವೆ, ಅದು ಖಾಲಿಯಿತ್ತು. ಆದರೆ ಆಗ ಈ ಕಾಗದವನ್ನು ಇನ್ನೂ ಕಳಿಸಿರಲಿಲ್ಲ. ನಾಳೆ ಬೆಳಿಗ್ಗೆ, ಕಾಗದ ಹೊರಟ ಮೇಲೆ, ನೀಲಗಂಗಮ್ಮ ಪರದೆಯನ್ನು ಮತ್ತೆ ಬಿಚ್ಚುತ್ತಾರೆ. ಬಾಳವ್ವ ಮತ್ತು ಭರಮಣ್ಣ ದೀಪ ಹಿಡಿಯುತ್ತಾರೆ. ಓದುವುದು ನನ್ನ ಪಾಲಿಗೆ ಬಂದಿದೆ.

ಇತಿ,
ಕಲ್ಲಿನಾಥ
ಸುದ್ದಿಕಟ್ಟೆ, ಕೆಂಚನಗುಡ್ಡ